ಶನಿವಾರದ ಸೋಲಿಗೆ ಭಾನುವಾರದ ಸಿಕ್ಸರ್ ಪರಿಹಾರ ಅಲ್ಲ

ಪ್ರತಿ ಮಾರ್ಚ್‌ನಲ್ಲೂ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ವಿಡಿಯೊ ಬಂದೇ ಬರುತ್ತದೆ. 2018ರ ಮಾರ್ಚ್ 18, ಕೊಲಂಬೊದ ಪ್ರೇಮದಾಸ ಕ್ರೀಡಾಂಗಣ, ನಿದಹಾಸ್ ಟ್ರೋಫಿ ಟಿ20 ಕ್ರಿಕೆಟ್ ಫೈನಲ್. ಬಾಂಗ್ಲಾದೇಶದ ವಿರುದ್ಧ ಭಾರತಕ್ಕೆ ಕೊನೆಯ ಎಸೆತಕ್ಕೆ ಐದು ರನ್ ಬೇಕು. ಸೌಮ್ಯ ಸರ್ಕಾರ್ ಎಸೆಯುತ್ತಾನೆ, ದಿನೇಶ್ ಕಾರ್ತಿಕ್ ಬ್ಯಾಟ್ ಬೀಸುತ್ತಾನೆ, ಚೆಂಡು ಜಾಸ್ತಿ ಎತ್ತರಕ್ಕೂ ಹೋಗದೆ ಎಕ್ಸ್‌ಟ್ರಾ ಕವರ್ ಮೇಲಿಂದ ಸೀದಾ ಹಗ್ಗ ದಾಟುತ್ತದೆ. ಆಮೇಲೆ ಶುರು. ಒಬ್ಬ ತಮ್ಮ ‘ನಾನು ಆಗ ಹಾಸ್ಟೆಲ್‌ನಲ್ಲಿದ್ದೆ’ ಅಂತ ಹಾಕುತ್ತಾನೆ, ಇನ್ನೊಬ್ಬಳು ‘ಒಬ್ಬಟ್ಟಿನ ತಟ್ಟೆ ಕೆಳಗೆ ಬೀಳಿಸಿದ್ದೆ’ ಅಂತಾಳೆ, ಮಾವ ಮೂರು ನಗುವ ಮುಖ ಹಾಕುತ್ತಾರೆ. ಕೊನೆಗೆ ಯಾರೋ ಒಬ್ಬರು ‘ಎಂಥಾ ವೀಕೆಂಡ್ ಅಲ್ವಾ ಅದು!’ ಅಂತ ಬರೆಯುತ್ತಾರೆ. ನಾನೂ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೇನೆ.

ಆದರೆ ಆ ‘ಎಂಥಾ ವೀಕೆಂಡ್’ ಅನ್ನೋ ಮಾತು ನನಗೆ ಪ್ರತಿ ಸಲ ಸ್ವಲ್ಪ ಚುಚ್ಚುತ್ತದೆ. ಯಾಕಂದ್ರೆ ಆ ವೀಕೆಂಡ್ ಅಂದ ತಕ್ಷಣ ನನ್ನ ತಲೆಗೆ ಮೊದಲು ಬರುವುದು ಕಾರ್ತಿಕ್ ಅಲ್ಲ. ಹಿಂದಿನ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಫುಟ್‌ಬಾಲ್ ಫೈನಲ್‌ನಲ್ಲಿ ನಮ್ಮ ಎದುರಾಳಿಗೆ ಸಿಕ್ಕಿದ ಒಂದು ಕಾರ್ನರ್ ಕಿಕ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಚೆಂಡು. ಸೋಲು ಶನಿವಾರ, ಗೆಲುವು ಭಾನುವಾರ. ಎರಡಕ್ಕೂ ನಡುವೆ ಪೂರ್ತಿ ಎರಡು ದಿನದ ಅಂತರವೂ ಇಲ್ಲ. ಲೆಕ್ಕದ ಪ್ರಕಾರ ಒಂದನ್ನೊಂದು ಹೊಡೆದುಹಾಕಬೇಕಿತ್ತು. ಹಾಗೆ ಯಾಕೆ ಆಗಲಿಲ್ಲ ಅಂತ ತುಂಬ ದಿನದಿಂದ ಯೋಚಿಸುತ್ತಿದ್ದೇನೆ.

ಆ ವಾರಾಂತ್ಯ ಶುರುವಾಗಿದ್ದೇ ಗಲಾಟೆಯಿಂದ. ಶುಕ್ರವಾರ ರಾತ್ರಿ ಅದೇ ಕೊಲಂಬೊದಲ್ಲಿ ಶ್ರೀಲಂಕಾ ಮತ್ತು ಬಾಂಗ್ಲಾದೇಶ ಆಡಿದವು. ಕೊನೆಯ ಓವರಿನಲ್ಲಿ ನೋಬಾಲ್ ಜಗಳ, ಆಟಗಾರರನ್ನು ವಾಪಸ್ ಬನ್ನಿ ಅಂತ ಹೊರಗಿನಿಂದ ಕರೆದಿದ್ದು, ಮಹಮದುಲ್ಲಾ ಒಂದು ಎಸೆತ ಬಾಕಿ ಇರುವಾಗ ಸಿಕ್ಸರ್ ಹೊಡೆದಿದ್ದು, ನಾಗಿಣಿ ಡ್ಯಾನ್ಸು, ಡ್ರೆಸ್ಸಿಂಗ್ ರೂಮಿನ ಗಾಜಿನ ಬಾಗಿಲು ಒಡೆದಿದ್ದು. ಆ ಪಂದ್ಯದಲ್ಲಿ ನಮ್ಮವರು ಯಾರೂ ಇರಲಿಲ್ಲ. ಆದರೂ ಕೂತು ಪೂರ್ತಿ ನೋಡಿದೆ. ಅಭಿಮಾನಿಯ ಶುಕ್ರವಾರ ಅಂದರೆ ಅಷ್ಟೇ, ಬೇರೆಯವರ ಮನೆ ಮದುವೆ. ಊಟ ಮಾಡಬಹುದು, ಖರ್ಚು ನಮ್ಮದಲ್ಲ.

ಅಮಾವಾಸ್ಯೆ ದಿನ ಫೈನಲ್

ಶನಿವಾರ ಅಮಾವಾಸ್ಯೆ. ಮಾರನೇ ದಿನ ಯುಗಾದಿ. ‘ಅಮಾವಾಸ್ಯೆ ದಿನ ಅದೇನು ಹೊರಗೆ ಹೋಗೋದು, ಅದೂ ಹಬ್ಬದ ಕೆಲಸ ಇಷ್ಟಿರೋವಾಗ’ ಅಂತ ಅಮ್ಮ ಬೆಳಗ್ಗೆಯಿಂದ ಹೇಳುತ್ತಲೇ ಇದ್ದರು. ಕೊನೆಗೆ ಒಂದು ಒಪ್ಪಂದ ಆಯಿತು. ಬರುವಾಗ ಮಾರ್ಕೆಟ್ಟಿಗೆ ಹೋಗಿ ಮಾವಿನ ಎಲೆ, ಬೇವಿನ ಹೂವು ತರಬೇಕು. ಸರಿ ಅಂದೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್ ನಮ್ಮದೇ ಊರಲ್ಲಿ, ನಮ್ಮದೇ ಟೀಮು ಆಡುತ್ತಿರುವಾಗ ಅಮ್ಮ ಏನು ತರಲು ಹೇಳಿದ್ದರೂ ಸರಿ ಅಂತಿದ್ದೆ.

ಆ ವರ್ಷ ಬೆಂಗಳೂರು ಎಫ್‌ಸಿ ಹೇಗೆ ಆಡಿತ್ತು ಅಂತ ನೆನಪಿದ್ದವರಿಗೆ ನಾನು ಹೇಳಬೇಕಾಗಿಲ್ಲ. 2013ರಲ್ಲಿ ಹುಟ್ಟಿದ ಕ್ಲಬ್, ಮೊದಲ ವರ್ಷವೇ ಐ-ಲೀಗ್ ಗೆದ್ದಿತ್ತು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತನಕ ಹೋಗಿತ್ತು. ಐಎಸ್‌ಎಲ್‌ಗೆ ಬಂದ ಮೊದಲ ಸೀಸನ್ನಿನಲ್ಲೇ 18 ಪಂದ್ಯಗಳಿಂದ 40 ಅಂಕ. ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿಗೆ 32, ಫೈನಲ್‌ನಲ್ಲಿ ನಮ್ಮ ಎದುರಾಳಿಯೂ ಅವರೇ. ಪಟ್ಟಿಯಲ್ಲಿ ಎಂಟು ಅಂಕ ಮುಂದೆ ನಿಂತ ತಂಡಕ್ಕೆ ಯೂರೋಪಿನಲ್ಲಾದರೆ ಕಪ್ ಕೈಗೆ ಕೊಟ್ಟು ಮೆರವಣಿಗೆ ಮಾಡುತ್ತಾರೆ. ನಮ್ಮಲ್ಲಿ ಆಗ ಪಟ್ಟಿಯಲ್ಲಿ ಮೊದಲು ಬಂದವರಿಗೆ ಕೊಡುವ ಲೀಗ್ ಶೀಲ್ಡ್ ಅನ್ನೋದೇ ಇರಲಿಲ್ಲ, ಅದು ಬಂದಿದ್ದು 2019–20ರಲ್ಲಿ. ಹಾಗಾಗಿ ನಾಲ್ಕು ತಿಂಗಳ ದುಡಿಮೆಯೆಲ್ಲ ಒಂದು ರಾತ್ರಿಯ ಮೇಲೆ ನಿಂತಿತ್ತು. ಹಿಂದಿನ ಭಾನುವಾರವಷ್ಟೇ ಸೆಮಿಫೈನಲ್‌ನಲ್ಲಿ ಪುಣೆ ಸಿಟಿ ವಿರುದ್ಧ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದಿದ್ದರು. ಕಪ್ ನಮ್ಮದೇ ಅಂತ ಊರೆಲ್ಲ ಮಾತು. ಊರೆಲ್ಲ ಅಂದರೆ, ನಮಗೆ ಗೊತ್ತಿರೋ ಊರು.

ಕಂಠೀರವಕ್ಕೆ ಹೋದವರಿಗೆ ಗೊತ್ತು, ಅದು ಫುಟ್‌ಬಾಲ್‌ಗೆ ಅಂತ ಕಟ್ಟಿದ ಮೈದಾನವಲ್ಲ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಆಟ ದೂರ ಕಾಣುತ್ತದೆ. ಒಂದು ಕಾಲಕ್ಕೆ ಅಲ್ಲಿ ಸಂಪಂಗಿ ಕೆರೆ ಇತ್ತು. ಈಗಲೂ ಮಳೆ ಬಂದರೆ ಆ ಕಡೆಯ ರಸ್ತೆಗಳಿಗೆ ಹಳೆಯದೆಲ್ಲ ಜ್ಞಾಪಕ ಬರುತ್ತದೆ, ಅದು ಬೇರೆ ವಿಷಯ. ವೆಸ್ಟ್ ಬ್ಲಾಕ್‌ನಲ್ಲಿ ಡೋಲು ಬಡಿಯುವ ಹುಡುಗರು ಪಂದ್ಯಕ್ಕೆ ಎಷ್ಟೋ ಮೊದಲೇ ಹಾಡಲು ಶುರು ಮಾಡಿದ್ದರು. ನಾನು ಮತ್ತು ನನ್ನ ಗೆಳೆಯ ಅವರ ಎದುರಿನ ಸ್ಟ್ಯಾಂಡಿನಲ್ಲಿ, ಮೇಲಿನ ಸಾಲಿನಲ್ಲಿ ಕೂತಿದ್ದೆವು. ಪಕ್ಕದಲ್ಲಿ ಒಬ್ಬರು ಅಪ್ಪ, ಅವರ ತೊಡೆಯ ಮೇಲೆ ಮುಖಕ್ಕೆಲ್ಲ ನೀಲಿ ಬಳಿದುಕೊಂಡ ಪುಟ್ಟ ಹುಡುಗಿ.

ಒಂಬತ್ತನೇ ನಿಮಿಷಕ್ಕೆ ಉದಾಂತ ಸಿಂಗ್ ಬಲಗಡೆಯಿಂದ ಓಡಿ ಕ್ರಾಸ್ ಕೊಟ್ಟ, ಛೆಟ್ರಿ ನೆಲದ ಹತ್ತಿರಕ್ಕೆ ಹಾರಿ ತಲೆ ಕೊಟ್ಟರು, ಗೋಲು. ನನ್ನ ಗೆಳೆಯ ಕುರ್ಚಿಯ ಮೇಲೆ ನಿಂತಿದ್ದ, ನಾನು ಯಾರನ್ನೋ ತಬ್ಬಿಕೊಂಡಿದ್ದೆ, ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆಮೇಲಿನ ಎಂಟು ನಿಮಿಷ ಇದೆಯಲ್ಲ, 9ರಿಂದ 17ರ ತನಕ, ಅಭಿಮಾನಿಯಾಗಿ ನಾನು ಕಳೆದ ಅತ್ಯಂತ ಸುಖದ ಸಮಯ ಅದು. ಮುಂದಿದ್ದೇವೆ, ಇನ್ನೂ ಭಯ ಶುರುವಾಗಿಲ್ಲ. ಎಂಬತ್ತನೇ ನಿಮಿಷದಲ್ಲಿ ಒಂದು ಗೋಲು ಮುಂದಿದ್ದರೆ ಅದು ಸುಖವಲ್ಲ, ಗಡಿಯಾರ ನೋಡುವ ಶಿಕ್ಷೆ. ಹದಿನೈದನೇ ನಿಮಿಷದಲ್ಲಿ ಮುಂದಿದ್ದರೆ ಅದು ರಜೆ.

17ನೇ ನಿಮಿಷ, ಚೆನ್ನೈಯಿನ್‌ಗೆ ಕಾರ್ನರ್. ಗ್ರೆಗರಿ ನೆಲ್ಸನ್ ಒದ್ದ, ಬ್ರೆಜಿಲ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ತಲೆ ಕೊಟ್ಟ, 1-1. ಇರಲಿ, ಆಗುತ್ತದೆ. 45ನೇ ನಿಮಿಷ, ಇನ್ನೇನು ವಿರಾಮ, ಜನ ಆಗಲೇ ಟೀ ಕಡೆ ಎದ್ದು ಹೊರಟಿದ್ದರು. ಮತ್ತೆ ಕಾರ್ನರ್, ಮತ್ತೆ ನೆಲ್ಸನ್, ಮತ್ತೆ ಅದೇ ಮೈಲ್ಸನ್‌ನ ತಲೆ. ಒಂದೇ ಪಾಠವನ್ನು ಎರಡು ಸಲ ಓದಿಸಿದ ಹಾಗೆ. ನನ್ನ ಜಾಗದಿಂದ ನನಗೆ ಗೋಲು ಸರಿಯಾಗಿ ಕಾಣಿಸಲೇ ಇಲ್ಲ. ದೂರದಲ್ಲಿ ಒಂದಷ್ಟು ತಲೆಗಳು ಎದ್ದವು, ಬಲೆ ಅಲ್ಲಾಡಿತು, ನಮ್ಮ ಕಡೆಯ ಸದ್ದೆಲ್ಲ ಒಮ್ಮೆಲೇ ನಿಂತು, ಮೂಲೆಯಲ್ಲಿದ್ದ ಚೆನ್ನೈ ಅಭಿಮಾನಿಗಳ ಕೂಗು ಮಾತ್ರ ಕೇಳಿತು. ಅಷ್ಟೇ. ಅದನ್ನೇ ನಾನು ಇವತ್ತಿಗೂ ಕಣ್ಣು ಮುಚ್ಚಿ ನೋಡಬಲ್ಲೆ.

ವಿರಾಮದ ಹದಿನೈದು ನಿಮಿಷದಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. 67ನೇ ನಿಮಿಷಕ್ಕೆ ರಫಾಯೆಲ್ ಆಗಸ್ಟೊ ಬಾಕ್ಸಿನ ಹೊರಗಿಂದ ಹೊಡೆದು 3-1 ಮಾಡಿದ. ಅಲ್ಲಿಗೆ ಕೆಲವರು ಎದ್ದು ಮೆಟ್ರೊ ಕಡೆ ಹೊರಟರು. ನಮ್ಮ ಪಕ್ಕದ ಪುಟ್ಟ ಹುಡುಗಿ ನಿದ್ದೆ ಹೋಗಿದ್ದಳು, ನೀಲಿ ಬಣ್ಣವೆಲ್ಲ ಅಪ್ಪನ ಬಿಳಿ ಅಂಗಿಗೆ ಹತ್ತಿತ್ತು. ಇಂಜುರಿ ಟೈಮಿನಲ್ಲಿ ಮಿಕು ಒಂದು ಗೋಲು ವಾಪಸ್ ಹೊಡೆದ. 2-3. ಇಂಥ ಗೋಲುಗಳು ಇರಬಾರದು ಅಂತ ನನ್ನ ಅಭಿಪ್ರಾಯ. ಒಪ್ಪಿಕೊಂಡು ಕೂತವನನ್ನು ಎರಡು ನಿಮಿಷಕ್ಕೋಸ್ಕರ ಎಬ್ಬಿಸಿ ನಿಲ್ಲಿಸುತ್ತವೆ.

ಮ್ಯಾಚ್ ಮುಗಿದು ಚೆನ್ನೈಯಿನ್‌ನವರು ಕಪ್ ಎತ್ತುವುದನ್ನು ನೋಡಲು ನಾವು ನಿಲ್ಲಲಿಲ್ಲ. ಆಟೊ ಹಿಡಿದು ಕೆ.ಆರ್. ಮಾರ್ಕೆಟ್ಟಿಗೆ ಹೋದೆ. ಹಬ್ಬದ ಹಿಂದಿನ ರಾತ್ರಿಯ ಮಾರ್ಕೆಟ್ ನೋಡಬೇಕು ನೀವು, ಫ್ಲೈಓವರ್ ಕೆಳಗೆ ಕಾಲಿಡಲು ಜಾಗ ಇಲ್ಲ, ರಸ್ತೆ ಮೇಲೆಲ್ಲ ಮಾವಿನ ಸೊಪ್ಪು, ಲಾರಿಯಿಂದ ಇಳಿಸುತ್ತಿದ್ದ ಬಾಳೆಕಂದು, ಹೂವಿನ ರಾಶಿ. ನಾನು ನೀಲಿ ಜೆರ್ಸಿ ಹಾಕಿಕೊಂಡು ಆ ಜನಜಂಗುಳಿಯಲ್ಲಿ ನಿಂತಿದ್ದೆ. ಬೇವು ಮಾರುತ್ತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನ್ ಸಾರ್, ಮ್ಯಾಚಾ? ಇಂಡ್ಯಾ ಮ್ಯಾಚ್ ನಾಳೆ ಅಲ್ವಾ?’ ಅಂದರು.

‘ಇದು ಫುಟ್‌ಬಾಲ್ ಅಮ್ಮ, ಬೆಂಗಳೂರಿಂದು.’

‘ಗೆದ್ರಾ?’

‘ಇಲ್ಲ. ಚೆನ್ನೈನೋರು ಗೆದ್ರು.’

‘ಅಯ್ಯೋ, ಹೋಗ್ಲಿ ಬಿಡಿ’ ಅಂದು, ಕೇಳದೇ ಇದ್ದರೂ ಇನ್ನೊಂದು ಹಿಡಿ ಬೇವಿನ ಹೂವು ಎತ್ತಿ ಚೀಲಕ್ಕೆ ಹಾಕಿದರು. ದುಡ್ಡು ತಗೊಳ್ಳಲಿಲ್ಲ. ಆವತ್ತು ನನಗೆ ಸಿಕ್ಕಿದ ಸಾಂತ್ವನ ಅದೊಂದೇ. ಮನೆಗೆ ಬಂದು ಮೊಬೈಲ್ ನೋಡಿದರೆ ಬರ್ಮಿಂಗ್‌ಹ್ಯಾಮ್‌ನಿಂದ ಇನ್ನೊಂದು ಸುದ್ದಿ, ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಸೆಮಿಫೈನಲ್‌ನಲ್ಲಿ ಪಿ.ವಿ. ಸಿಂಧು ಜಪಾನಿನ ಯಮಗುಚಿಗೆ ಸೋತಿದ್ದಾರೆ. ಮೊದಲ ಗೇಮ್ ಗೆದ್ದು, 19-21, 18-21ರಲ್ಲಿ ಮುಂದಿನ ಎರಡು ಬಿಟ್ಟುಕೊಟ್ಟಿದ್ದರು. 1980ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆ, 2001ರಲ್ಲಿ ಗೋಪಿಚಂದ್, ಆಮೇಲೆ ಯಾರೂ ಆ ಕಪ್ ತಂದಿಲ್ಲ. ಬೇರೆ ದಿನವಾಗಿದ್ದರೆ ಬೇಸರ ಆಗುತ್ತಿತ್ತು. ಆವತ್ತು ಬೇಸರಕ್ಕೆ ಜಾಗ ಉಳಿದಿರಲಿಲ್ಲ.

ಹಬ್ಬದ ಮನೆಯ ಹಗಲು

ಭಾನುವಾರ ಬೆಳಗ್ಗೆ ಎಣ್ಣೆ ಸ್ನಾನ, ಪೂಜೆ, ಆಮೇಲೆ ಬೇವು-ಬೆಲ್ಲ. ಸಿಹಿ-ಕಹಿ ಸಮವಾಗಿ ತಗೊಳ್ಳಬೇಕು ಅಂತ ದೊಡ್ಡಪ್ಪ ಪ್ರತಿ ವರ್ಷದ ಭಾಷಣ ಕೊಟ್ಟರು. ಕ್ಷಮಿಸಿ, ಆ ಹೋಲಿಕೆಯನ್ನು ನಾನು ಇಲ್ಲಿ ಮುಂದುವರಿಸುವುದಿಲ್ಲ. ಯುಗಾದಿಗೆ ಟಿವಿ ಹಾಕಿದರೆ ಎಲ್ಲ ನಿರೂಪಕರೂ ಅದನ್ನೇ ಹೇಳುತ್ತಾರೆ, ಮತ್ತೆ ನನ್ನ ಅನುಭವದಲ್ಲಿ ಅದು ಸುಳ್ಳು ಕೂಡ. ಬೇವು-ಬೆಲ್ಲ ಒಟ್ಟಿಗೆ ಜಗಿದರೆ ರುಚಿ ಬೆರೆಯುತ್ತದೆ. ಪಂದ್ಯಗಳು ಬೆರೆಯುವುದಿಲ್ಲ.

ನೆಂಟರು ಬಂದರು. ಎಲ್ಲರ ಬಾಯಲ್ಲೂ ಸಂಜೆಯ ಮ್ಯಾಚು. ನಾನು ಯಾಕೆ ಸಪ್ಪಗಿದ್ದೇನೆ ಅಂತ ಅತ್ತೆ ಕೇಳಿದ್ದಕ್ಕೆ ಅಮ್ಮ ‘ಅವನ ಫುಟ್‌ಬಾಲ್ ಟೀಮ್ ಸೋತಿದೆಯಂತೆ’ ಅಂದರು. ‘ಬೆಂಗಳೂರಲ್ಲೂ ಫುಟ್‌ಬಾಲ್ ಇದೆಯೇನೋ?’ ಅಂತ ಮಾವ ನಕ್ಕರು. ಮಾವನಿಗೆ ನಾನು ಏನಂತ ಹೇಳಲಿ? ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ, ಆಸ್ಟಿನ್ ಟೌನ್‌ನ ಗಲ್ಲಿಗಳಿಂದ ಆಟಗಾರರು ದೇಶಕ್ಕೆ ಆಡಿದ್ದಾರೆ, ಮೈಸೂರು ರಾಜ್ಯದ ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿದೆ ಅಂತೆಲ್ಲ ಹೇಳಬಹುದಿತ್ತು. (ಆಮೇಲೆ 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಅದನ್ನು ಮತ್ತೆ ಗೆದ್ದಿತು, 54 ವರ್ಷದ ಮೇಲೆ. ಗ್ರೂಪಿನಲ್ಲಿ ಆ ಸುದ್ದಿ ಹಾಕಿದೆ. ಮಾವ ಒಂದು ನಗುವ ಮುಖ ಹಾಕಿದರು.) ಹೇಳಲಿಲ್ಲ, ಒಬ್ಬಟ್ಟು ತಿಂದೆ. ಹಬ್ಬದ ಊಟದ ಮುಂದೆ ಯಾವ ವಾದವೂ ನಿಲ್ಲುವುದಿಲ್ಲ.

ಕ್ರೀಡೆಯ ಬಗ್ಗೆ ಬರೆಯುವವರು ಈ ನಡುವಿನ ಹೊತ್ತನ್ನು ಬಿಟ್ಟೇಬಿಡುತ್ತಾರೆ. ಗೆಲುವಿನ ಬಗ್ಗೆ ಬರೆಯುತ್ತಾರೆ, ಸೋಲಿನ ಬಗ್ಗೆ ಇನ್ನೂ ಜಾಸ್ತಿ ಬರೆಯುತ್ತಾರೆ. ಆದರೆ ಅಭಿಮಾನಿಯ ವಾರಾಂತ್ಯದಲ್ಲಿ ಆಟ ಎಷ್ಟು ಹೊತ್ತು ಇರುತ್ತದೆ ಹೇಳಿ? ಉಳಿದಿದ್ದೆಲ್ಲ ಹೀಗೇ, ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ತನಕ ಕಾಯುವುದು, ಮೊಬೈಲಿನಲ್ಲಿ ಅಂಕಪಟ್ಟಿ ತೆಗೆದು ಬದಲಾಗದ ಅಂಕಿಗಳನ್ನು ಮತ್ತೆ ನೋಡುವುದು, ಮಧ್ಯಾಹ್ನ ಚಾಪೆ ಮೇಲೆ ಬಿದ್ದುಕೊಂಡು ಎರಡನೇ ಕಾರ್ನರ್‌ಗೆ ಮೈಲ್ಸನ್‌ನ ಮೇಲೆ ಯಾರು ಕಣ್ಣಿಡಬೇಕಿತ್ತು ಅಂತ ಲೆಕ್ಕ ಹಾಕುವುದು. ಅದರ ಮಧ್ಯೆಯೇ ಯಾರೋ ಮಗು ತಂದು ಮಡಿಲಿಗೆ ಹಾಕುತ್ತಾರೆ, ಯಾರೋ ಕೆಲಸದ ವಿಷಯ ಕೇಳುತ್ತಾರೆ, ಎಲ್ಲಕ್ಕೂ ಹ್ಞೂಂ ಅನ್ನುತ್ತೇವೆ. ಮನೆಯವರಿಗೆ ನಾವು ಅಲ್ಲೇ ಕೂತ ಹಾಗೆ ಕಾಣುತ್ತದೆ, ಪಾಪ.

ಸಂಜೆ ಎಲ್ಲರೂ ಚಂದ್ರ ನೋಡಲು ಟೆರೇಸಿಗೆ ಹತ್ತಿದರು. ಒಬ್ಬರಿಗೆ ಕಂಡಿತು, ನಾಲ್ಕು ಜನಕ್ಕೆ ಕಾಣಲಿಲ್ಲ, ಎಲ್ಲರೂ ಕೈ ಮುಗಿದರು. ಕೆಳಗೆ ಬಂದು ಡಿ ಸ್ಪೋರ್ಟ್ ಚಾನೆಲ್ ಎಷ್ಟನೇ ನಂಬರು ಅಂತ ಹುಡುಕುವುದರಲ್ಲಿ ಟಾಸ್ ಮುಗಿದಿತ್ತು.

ಚೆಂಡು ಮೇಲಿದ್ದಾಗ ದಾಟಿಕೊಂಡವರು

ಪಂದ್ಯದ ಕಥೆ ಎಲ್ಲರಿಗೂ ಗೊತ್ತು. ಅವರು 166, ನಮಗೆ 167 ಬೇಕು. ರೋಹಿತ್ ಶರ್ಮಾ 56 ಹೊಡೆದರು, ನಮ್ಮ ಕೆ.ಎಲ್. ರಾಹುಲ್ 14 ಎಸೆತಕ್ಕೆ 24. ಆಮೇಲೆ ಮನೀಶ್ ಪಾಂಡೆ ಮತ್ತು ವಿಜಯ್ ಶಂಕರ್ ಸೇರಿ ಆಟ ಅಂಟಿಕೊಂಡು ನಿಂತಿತು. 18ನೇ ಓವರ್ ಮುಸ್ತಫಿಜುರ್‌ದು. ಶಂಕರ್ ಬೀಸಿದ, ತಾಗಲಿಲ್ಲ. ಮತ್ತೆ ಬೀಸಿದ, ತಾಗಲಿಲ್ಲ. ಮತ್ತೆ. ಮತ್ತೆ. ಆ ಓವರಿನಲ್ಲಿ ಬಂದಿದ್ದು ಒಂದು ಲೆಗ್‌ಬೈ, ಹೋಗಿದ್ದು ಪಾಂಡೆಯ ವಿಕೆಟ್. 12 ಎಸೆತಕ್ಕೆ 34. ಮಾವ ‘ಲೇ, ಆಫ್ ಮಾಡೋ ಅದನ್ನ, ಹಬ್ಬದ ದಿನ ಬಿಪಿ ಯಾಕೆ’ ಅಂತ ಎದ್ದು ಚಪ್ಪಲಿ ಹಾಕಿಕೊಂಡರು. ಅವರು ಗೇಟಿನ ಹತ್ತಿರ ಸ್ಕೂಟರ್ ಒದೆಯುತ್ತಿದ್ದಾಗ ಕಾರ್ತಿಕ್ ಮೊದಲ ಎಸೆತವನ್ನೇ ಸಿಕ್ಸರ್‌ಗೆ ಎತ್ತಿದರು. ಆಮೇಲೆ ನಾಲ್ಕು, ಆರು, ಸೊನ್ನೆ, ಎರಡು, ನಾಲ್ಕು. ರುಬೆಲ್‌ನ ಆ ಓವರಿಗೆ 22. ಸ್ಕೂಟರ್ ಸದ್ದು ನಿಂತಿತು. ಮಾವ ಹೆಲ್ಮೆಟ್ ಹಾಕಿಕೊಂಡೇ ಬಾಗಿಲಲ್ಲಿ ನಿಂತರು.

ಕೊನೆಯ ಓವರಿಗೆ 12. ವೈಡ್, ಸೊನ್ನೆ, ಒಂದು, ಒಂದು, ಶಂಕರ್‌ನದೊಂದು ಬೌಂಡರಿ. ಎರಡು ಎಸೆತಕ್ಕೆ ಐದು. ಐದನೇ ಎಸೆತವನ್ನು ಶಂಕರ್ ಆಕಾಶಕ್ಕೆ ಹೊಡೆದ, ಲಾಂಗ್ ಆಫ್ ಕಡೆ ಕ್ಯಾಚ್ ಆಯಿತು. ನಮ್ಮ ಮನೆಯಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತರು. ಶಂಕರ್‌ನನ್ನು ಬೈದರು. ಮುಂದೆ ಎಷ್ಟೋ ದಿನ ಇಡೀ ದೇಶವೇ ಬೈಯಿತು.

ಆದರೆ ಆ ಕ್ಷಣವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಎಲ್ಲರೂ ಸಿಕ್ಸರ್ ನೋಡುತ್ತಾರೆ, ನಾನು ಅದರ ಹಿಂದಿನ ಎಸೆತ ನೋಡುತ್ತೇನೆ. ಚೆಂಡು ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಶಂಕರ್ ಮತ್ತು ಕಾರ್ತಿಕ್ ಪಿಚ್ ಮೇಲೆ ಒಬ್ಬರನ್ನೊಬ್ಬರು ದಾಟಿದ್ದರು. ಹಾಗೆ ದಾಟಿದ್ದಕ್ಕೇ ಕೊನೆಯ ಎಸೆತ ಕಾರ್ತಿಕ್‌ಗೆ ಸಿಕ್ಕಿದ್ದು. ಅವತ್ತಿನ ನಿಯಮ ಅದು. 2022ರ ಅಕ್ಟೋಬರ್‌ನಿಂದ ಅದನ್ನು ಬದಲಾಯಿಸಿದ್ದಾರೆ. ಈಗ ಕ್ಯಾಚ್ ಆದರೆ, ದಾಟಿದ್ದರೂ ಬಿಟ್ಟರೂ, ಹೊಸದಾಗಿ ಬಂದವನೇ ಮುಂದಿನ ಎಸೆತ ಎದುರಿಸಬೇಕು. ಅಂದರೆ ಇವತ್ತು ಅದೇ ಪಂದ್ಯ ಆಡಿದರೆ ಕೊನೆಯ ಎಸೆತಕ್ಕೆ ಬ್ಯಾಟ್ ಹಿಡಿದು ನಿಲ್ಲುವುದು 18 ವರ್ಷದ ವಾಷಿಂಗ್ಟನ್ ಸುಂದರ್. ಕಾರ್ತಿಕ್ ಆಚೆ ತುದಿಯಲ್ಲಿ ಬರೀ ನೋಡುತ್ತಾ ನಿಂತಿರುತ್ತಿದ್ದರು. ವಾಷಿಂಗ್ಟನ್ ಹೊಡೆಯುತ್ತಿದ್ದನೋ ಏನೋ, ಅದು ಬೇರೆ. ನನಗೆ ಮುಖ್ಯ ಅನ್ನಿಸುವುದು ಇಷ್ಟು: ಶಂಕರ್‌ನ ಆ ಹೊಡೆತ ಸ್ವಲ್ಪ ತಗ್ಗಿ, ಬೇಗ ಕೈಗೆ ಸಿಕ್ಕಿದ್ದರೆ ಇಬ್ಬರೂ ದಾಟುತ್ತಿರಲಿಲ್ಲ. ಎಲ್ಲರೂ ಬೈದ ಆ ಹೊಡೆತ ಅಷ್ಟು ಎತ್ತರಕ್ಕೆ ಹೋಗಿದ್ದರಿಂದಲೇ ಎಲ್ಲರೂ ಹೊಗಳಿದ ಸಿಕ್ಸರ್ ಬಂತು. ಇದನ್ನು ಒಮ್ಮೆ ಗ್ರೂಪಿನಲ್ಲಿ ಬರೆದೆ. ‘ನಿನಗೆ ಖುಷಿಯಾಗೋಕೇ ಬರಲ್ಲ’ ಅಂತ ಉತ್ತರ ಬಂತು.

ಸಿಕ್ಸರ್ ಬಂದ ಕ್ಷಣ ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದು ಬಂದಿದ್ದೇ ಸದ್ದಿನಲ್ಲಿ. ಎದುರು ಮನೆಯವರ ಟಿವಿ ನಮ್ಮದಕ್ಕಿಂತ ಎರಡು-ಮೂರು ಸೆಕೆಂಡು ಮುಂದೆ. ನಮ್ಮ ಪರದೆಯಲ್ಲಿ ಸೌಮ್ಯ ಸರ್ಕಾರ್ ಇನ್ನೂ ಓಡಿ ಬರುತ್ತಿದ್ದ, ಎದುರು ಮನೆಯಿಂದ ಕಿರುಚಾಟ. ಅದು ಅಯ್ಯೋ ಅನ್ನೋ ಕಿರುಚಾಟ ಅಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. ಗೆದ್ದಿದ್ದು ಗೊತ್ತಾದ ಮೇಲೆ ನಾವು ಗೆಲುವನ್ನು ನೋಡಿದೆವು. ಪಾಪ ರೋಹಿತ್ ಶರ್ಮಾ ಅಷ್ಟೂ ನೋಡಲಿಲ್ಲ, ಸೂಪರ್ ಓವರ್ ಆಗುತ್ತದೇನೋ ಅಂತ ಪ್ಯಾಡ್ ಕಟ್ಟಲು ಒಳಗೆ ಹೋಗಿದ್ದರಂತೆ. ತನ್ನನ್ನು ಬ್ಯಾಟಿಂಗ್‌ನಲ್ಲಿ ಕೆಳಕ್ಕೆ ತಳ್ಳಿದ್ದಕ್ಕೆ ಕಾರ್ತಿಕ್‌ಗೆ ಬೇಸರವಾಗಿತ್ತು ಅಂತಲೂ ಆಮೇಲೆ ರೋಹಿತ್ ಅವರೇ ಹೇಳಿದರು. ಆ ಕಾರ್ತಿಕ್ ಹೊಡೆದಿದ್ದು 8 ಎಸೆತಕ್ಕೆ 29.

ಇನ್ನೊಂದು ತಮಾಷೆ ನೋಡಿ. ಶನಿವಾರ ನನ್ನ ಹೊಟ್ಟೆ ಉರಿಸಿದ್ದು ಚೆನ್ನೈ ತಂಡ. ಭಾನುವಾರ ಕುಣಿಸಿದ್ದೂ ಚೆನ್ನೈ ಹುಡುಗನೇ. ನಮ್ಮ ಪಾಂಡೆ 27 ಎಸೆತಕ್ಕೆ 28 ಹೊಡೆದು ಔಟಾಗಿದ್ದರು. ಕಾರ್ತಿಕ್ ಆಮೇಲೆ ಆರ್‌ಸಿಬಿಗೆ ವಾಪಸ್ ಬಂದು, ನಮ್ಮ ಚಿನ್ನಸ್ವಾಮಿಯಲ್ಲಿ ಜನ ‘ಡಿಕೆ, ಡಿಕೆ’ ಅಂತ ಕೂಗುವ ಹಾಗಾಯಿತು. ಅಭಿಮಾನಕ್ಕೆ ಗಡಿ ಎಳೆಯೋದು ಅಷ್ಟು ಸುಲಭ ಅಲ್ಲ. ಟಿವಿ ಚರ್ಚೆಯವರಿಗೆ ಇದು ಯಾವಾಗ ಗೊತ್ತಾಗುತ್ತೋ.

ನನಗೆ ಕೊನೆಗೂ ತೋಚಿದ ಕಾರಣ ಒಂದಿದೆ. ಭಾನುವಾರದ ಗೆಲುವನ್ನು ನಾವು ತುಂಬ ಹಂಚಿಕೊಂಡೆವು. ಅದೇ ರಾತ್ರಿ ಹತ್ತು ಸಲ, ಮರುದಿನ ಆಫೀಸಿನಲ್ಲಿ, ಆಮೇಲೆ ಪ್ರತಿ ಮಾರ್ಚ್. ಹಂಚಿ ಹಂಚಿ ನನ್ನ ಪಾಲಿನದು ಏನೂ ಉಳಿದಿಲ್ಲ. ಆ ಸಿಕ್ಸರ್ ನೆನೆಸಿಕೊಂಡರೆ ನನಗೆ ಬರುವುದು ಟಿವಿ ಕ್ಯಾಮೆರಾದ ಚಿತ್ರ, ಕಾಮೆಂಟರಿಯ ದನಿ. ನಮ್ಮ ಹಾಲ್ ಹೇಗಿತ್ತು, ನಾನು ಎಲ್ಲಿ ಕೂತಿದ್ದೆ, ಯಾವುದೂ ಸ್ಪಷ್ಟ ಇಲ್ಲ. ಉಳಿದಿದ್ದು ಆ ಎದುರು ಮನೆಯ ಕಿರುಚಾಟ ಮತ್ತು ಮಾವನ ಹೆಲ್ಮೆಟ್ಟು. ಶನಿವಾರದ ಸೋಲನ್ನು ಮಾತ್ರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಆ ಗೋಲುಗಳ ವಿಡಿಯೊ ನಾನು ಹುಡುಕಿಕೊಂಡು ಹೋಗಿ ನೋಡಿಲ್ಲ. ಹಾಗಾಗಿ ಅದು ನನ್ನ ಕುರ್ಚಿಯಿಂದ ಕಂಡ ಹಾಗೇ ಇದೆ. ದೂರದ ತಲೆಗಳು, ಅಲ್ಲಾಡಿದ ಬಲೆ, ಪಕ್ಕದವರ ಅಂಗಿಯ ಮೇಲಿನ ನೀಲಿ ಬಣ್ಣ. ಸೋಲು ದೊಡ್ಡದು ಅಂತ ಉಳಿದಿದ್ದಲ್ಲ, ಯಾರೂ ಮುಟ್ಟಿಲ್ಲ ಅಂತ ಉಳಿದಿದೆ.

ಮತ್ತೆ ಮಾರ್ಚ್ 17

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರ ಭಾನುವಾರ, ಬೆಂಗಳೂರು ಎಫ್‌ಸಿ ಮತ್ತೆ ಫೈನಲ್ ಆಡಿತು. ಈ ಸಲ ಮುಂಬೈಯಲ್ಲಿ, ಗೋವಾ ವಿರುದ್ಧ. 90 ನಿಮಿಷ ಗೋಲಿಲ್ಲ, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು, 117ನೇ ನಿಮಿಷಕ್ಕೆ ದಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ರಾಹುಲ್ ಭೇಕೆ ತಲೆ ಕೊಟ್ಟರು. 1-0. ಕಾರ್ನರ್‌ನಿಂದಲೇ ಹೋಗಿದ್ದು ಕಾರ್ನರ್‌ನಿಂದಲೇ ಬಂತು. ಟಿವಿ ಮುಂದೆ ಒಬ್ಬನೇ ಕೂತು ನೋಡಿದೆ, ಒಬ್ಬನೇ ಕೂಗಿದೆ, ಎದುರು ಮನೆಯಿಂದ ಯಾವ ಸದ್ದೂ ಇಲ್ಲ. ಕಪ್ ಬಂತು, ಸಂತೋಷವಾಯಿತು, ನಿಜವಾದ ಸಂತೋಷ. ಆದರೆ ಅದು ಆ ವರ್ಷದ ಕಪ್. ಹಿಂದಿನ ವರ್ಷದ ಸಾಲಕ್ಕೆ ಅದನ್ನು ಜಮಾ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಆ ತಾರೀಖಿಗೆ ಅದೇನಿದೆಯೋ. 2023ರ ಮಾರ್ಚ್ 18ರ ಶನಿವಾರ ಗೋವಾದಲ್ಲಿ ಇನ್ನೊಂದು ಫೈನಲ್, ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲಿ ಸೋತೆವು. 2024ರ ಮಾರ್ಚ್ 17ರ ಭಾನುವಾರ ದೆಹಲಿಯಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳು ಡಬ್ಲ್ಯುಪಿಎಲ್ ಗೆದ್ದರು. ಡೆಲ್ಲಿ ವಿಕೆಟ್ ಇಲ್ಲದೆ 64 ಇದ್ದದ್ದು 113ಕ್ಕೆ ಆಲೌಟ್, ನಮ್ಮ ಶ್ರೇಯಾಂಕಾ ಪಾಟೀಲ್‌ಗೆ 12 ರನ್‌ಗೆ ನಾಲ್ಕು ವಿಕೆಟ್. ಆವತ್ತು ಗ್ರೂಪಿನಲ್ಲಿ ಮಾವ ಹತ್ತು ನಗುವ ಮುಖ ಹಾಕಿದ್ದರು. ಅಮ್ಮ ಮಾತ್ರ ‘ಈ ಸಲ ಅಮಾವಾಸ್ಯೆ ಇರಲಿಲ್ಲ ನೋಡು’ ಅಂದರು.

ಹೊಸತೊಡಕು

ಆ 2018ರ ಸೋಮವಾರಕ್ಕೆ ಬರುತ್ತೇನೆ. ಬೆಳಗ್ಗೆ ಎದ್ದರೆ ಇಂಡಿಯನ್ ವೆಲ್ಸ್ ಟೆನಿಸ್ ಫೈನಲ್‌ನಲ್ಲಿ ಫೆಡರರ್ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಕೈಚೆಲ್ಲಿ ಡೆಲ್ ಪೊಟ್ರೊಗೆ ಸೋತಿದ್ದಾರೆ ಅಂತ ಸುದ್ದಿ. ಆ ವರ್ಷ ಅಲ್ಲಿಯ ತನಕ ಒಂದು ಪಂದ್ಯವನ್ನೂ ಸೋತಿರಲಿಲ್ಲ ಆ ಮನುಷ್ಯ. ಓದಿ, ಓಹೋ ಅಂದು, ಚೀಲ ಹಿಡಿದು ಮೈಸೂರು ರಸ್ತೆ ಕಡೆ ಹೊರಟೆ. ಹೊಸತೊಡಕಿಗೆ ಮಟನ್ ತರಬೇಕಲ್ಲ. ಸೋಮವಾರ ಮಾಂಸ ಮುಟ್ಟದವರು ಮಂಗಳವಾರಕ್ಕೆ ಮುಂದೂಡಿದ್ದರು, ಆದರೂ ಕ್ಯೂ ಮೂಲೆ ದಾಟಿ ರಸ್ತೆಗೆ ಬಂದಿತ್ತು. ಕ್ಯೂ ಪೂರ್ತಿ ಕಾರ್ತಿಕ್‌ದೇ ಮಾತು. ಹೊಡೆದ ಹೊಡೆತವನ್ನು ಒಬ್ಬ ಚೀಲದಲ್ಲೇ ಬೀಸಿ ತೋರಿಸುತ್ತಿದ್ದ.

ನನ್ನ ಮುಂದೆ ನಿಂತಿದ್ದವನು ಲುಂಗಿ ಉಟ್ಟು, ಮೇಲೆ ಮಾಸಿದ ನೀಲಿ ಟೀಶರ್ಟ್ ಹಾಕಿದ್ದ. ಎದೆಯ ಮೇಲೆ ಕ್ಲಬ್ಬಿನ ಗುರುತು. ಸುಮ್ಮನಿರಲಾಗದೆ ‘ಶನಿವಾರ ಹೋಗಿದ್ರಾ?’ ಅಂತ ಕೇಳಿದೆ.

ಅವನು ಪೂರ್ತಿ ಹಿಂದಕ್ಕೆ ತಿರುಗಿದ. ಅವನ ಕಣ್ಣ ಕೆಳಗೆ ನೋಡಿದರೆ ಎರಡು ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ‘ವೆಸ್ಟ್ ಬ್ಲಾಕ್’ ಅಂದ. ‘ಮೊದಲನೇದು ಬಿಡಿ ಸಾರ್, ಅದು ಆಗುತ್ತೆ. ಎರಡನೇದಕ್ಕೂ ಅವನನ್ನೇ ಬಿಡ್ತಾರಲ್ಲ?’

‘ನಂಗೆ ಆ ಕಡೆಯಿಂದ ಕಾಣಿಸಲೇ ಇಲ್ಲ. ಯಾರು ಮಾರ್ಕ್ ಮಾಡ್ತಿದ್ದಿದ್ದು ಅವನನ್ನ?’

‘ಹೇಳ್ತೀನಿ ಬನ್ನಿ’ ಅಂತ ಅವನು ಚಪ್ಪಲಿ ಬಿಟ್ಟು, ಹೆಬ್ಬೆರಳಿನಿಂದ ಮಣ್ಣಿನ ಮೇಲೆ ಗೋಲ್ ಪೋಸ್ಟಿನ ಗೆರೆ ಎಳೆದ. ಹಿಂದಿನವರು ಮುಂದೆ ಹೋಗ್ರೀ ಅಂತ ಕೂಗುತ್ತಿದ್ದರು. ಅವನು ಒಂದೊಂದೇ ಕಲ್ಲು ಹೆಕ್ಕಿ ನಮ್ಮ ಡಿಫೆಂಡರ್‌ಗಳನ್ನು ನಿಲ್ಲಿಸತೊಡಗಿದ. ಎರಡನೇ ಕಲ್ಲು ಇಟ್ಟ ಜಾಗ ನನಗೆ ಒಪ್ಪಿಗೆ ಆಗಲಿಲ್ಲ. ನಾನೂ ಕೂತೆ.